ಕೋತಿ ನೆನೆಯದೆ ಮದ್ದು ಕುಡಿಯುವುದು

ಕಷ್ಟದಲ್ಲಿರುವವರ ಮನೆಗೆ ಸಹಾಯಕ್ಕಿಂತ ಮುಂಚೆ ಸಲಹೆ ಬಂದು ಕೂತಿರುತ್ತದೆ. ಕೆಲಸ ಹೋಗಿರಲಿ, ಮಗನ ಸಿಇಟಿ ರ‍್ಯಾಂಕ್ ಲಕ್ಷ ದಾಟಿರಲಿ, ಬಯಾಪ್ಸಿ ರಿಪೋರ್ಟು ಶುಕ್ರವಾರ ಬರುವುದಿರಲಿ, ಕಾಫಿ ಲೋಟ ಕೆಳಗಿಟ್ಟು ಏಳುವಾಗ ಬಂದವರು ಹೇಳುವ ಮಾತು ಒಂದೇ: ‘ನೀವೇನೂ ಯೋಚನೆ ಮಾಡ್ಬೇಡಿ.’ ಅವರು ಗೇಟು ದಾಟುವಷ್ಟರಲ್ಲಿ ಮನೆಯವರಿಗೆ ಅಲ್ಲಿಯವರೆಗೆ ಹೊಳೆದೇ ಇರದಿದ್ದ ಎರಡು ಹೊಸ ಯೋಚನೆಗಳು ಶುರುವಾಗಿರುತ್ತವೆ.

ಈ ಸಲಹೆಯ ಗತಿ ಏನಾಗುತ್ತದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಪಂಡಿತರು ಮದ್ದು ಅರೆದುಕೊಟ್ಟು ‘ಕುಡಿಯುವಾಗ ಕೋತಿಯನ್ನು ಮಾತ್ರ ನೆನೆಯಬೇಡ’ ಅಂದರಂತೆ. ರೋಗಿ ಸಾಯುವವರೆಗೂ ಮದ್ದು ಕುಡಿಯಲಿಲ್ಲ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೋತಿಯ ಜಾಗಕ್ಕೆ ಬಿಳಿ ಕರಡಿಯನ್ನು ತಂದು ಇದನ್ನೇ ಪ್ರಯೋಗ ಮಾಡಿ ನೋಡಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬಾರದು, ನೆನೆದರೆ ಗಂಟೆ ಬಾರಿಸಬೇಕು. ವಿದ್ಯಾರ್ಥಿಗಳು ಬಾರಿಸಿದ್ದೇ ಬಾರಿಸಿದ್ದು. ಸ್ವಾರಸ್ಯ ಇರುವುದು ಮುಂದೆ. ‘ಈಗ ಧಾರಾಳವಾಗಿ ನೆನೆಯಿರಿ’ ಎಂದು ಅಪ್ಪಣೆ ಕೊಟ್ಟಾಗ, ಕಷ್ಟಪಟ್ಟು ತಡೆದುಕೊಂಡಿದ್ದವರ ತಲೆಗೆ, ಮೊದಲಿನಿಂದ ಸ್ವತಂತ್ರವಾಗಿ ನೆನೆಯುತ್ತಿದ್ದವರಿಗಿಂತ ಹೆಚ್ಚು ಕರಡಿಗಳು ನುಗ್ಗಿದವು.

ಇಂಥ ಕರಡಿಗಳನ್ನು ಚಾರ್ಲ್ಸ್ ಡಾರ್ವಿನ್ ಅವರಷ್ಟು ಶ್ರದ್ಧೆಯಿಂದ ಸಾಕಿದವರು ಅಪರೂಪ. ಮದುವೆಯಾಗಬೇಕೋ ಬೇಡವೋ ಎಂಬ ಅನುಮಾನ ಬಂದಾಗ ಕಾಗದದ ಮೇಲೆ ಎರಡು ಕಲಂ ಮಾಡಿ ಲಾಭ ನಷ್ಟ ಬರೆದ ಮಹಾಶಯರು ಅವರು. ಏನೇ ಆದರೂ ಹೆಂಡತಿ ನಾಯಿಗಿಂತ ಒಳ್ಳೆಯ ಜೊತೆ ಎಂಬುದು ಲಾಭದ ಕಲಮಿನಲ್ಲಿದೆ. (ಇಷ್ಟರ ಮೇಲೂ ಎಮ್ಮಾ ಇವರನ್ನು ಮದುವೆಯಾದರು ಎಂಬುದು ಎಮ್ಮಾ ಅವರ ದೊಡ್ಡತನ.) 1844ರ ಹೊತ್ತಿಗೆ ಜೀವವಿಕಾಸದ ಸಿದ್ಧಾಂತವನ್ನು ದೊಡ್ಡ ಪ್ರಬಂಧವಾಗಿ ಬರೆದು ಮುಗಿಸಿದ್ದರು. ಆದರೆ ಅಚ್ಚಿಗೆ ಕೊಡುವ ಧೈರ್ಯ ಸಾಲಲಿಲ್ಲ. ತಾವು ಸತ್ತರೆ 400 ಪೌಂಡ್ ಖರ್ಚು ಮಾಡಿ ಇದನ್ನು ಪ್ರಕಟಿಸಬೇಕೆಂದು ಹೆಂಡತಿಗೆ ಒಂದು ಕಾಗದ ಬರೆದಿಟ್ಟರು. ಆಗ ಅವರ ವಯಸ್ಸು 35!

ಆಮೇಲೆ ಕೂತಿದ್ದು ಬಾರ್ನಕಲ್‌ಗಳ ಮುಂದೆ. ಕಡಲಿನ ಬಂಡೆಗೆ, ಹಡಗಿನ ತಳಕ್ಕೆ ಕಚ್ಚಿಕೊಂಡು ಬದುಕುವ ಪುಟ್ಟ ಪ್ರಾಣಿಗಳವು. 1846ರಿಂದ ಎಂಟು ವರ್ಷ ಅವನ್ನು ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಬರೆದರು. ಎಲ್ಲ ಅಪ್ಪಂದಿರ ಕಸುಬೂ ಇದೇ ಎಂದು ಮಕ್ಕಳು ತಿಳಿದುಬಿಟ್ಟರು. ಪರಿಚಯದವರೊಬ್ಬರ ಬಗ್ಗೆ ಒಂದು ಮಗು, ‘ಹಾಗಾದ್ರೆ ಅವರು ಬಾರ್ನಕಲ್ ಕೆಲಸ ಎಲ್ಲಿ ಮಾಡ್ತಾರೆ?’ ಎಂದು ಕೇಳಿತಂತೆ.

ಸಿದ್ಧಾಂತವನ್ನು ಹೀಗೆ ಮುಂದೂಡಿದ್ದನ್ನು ಹೇಡಿತನ ಅಂದುಬಿಡುವುದು ಸುಲಭ. ಆದರೆ ಪ್ರಭೇದಗಳ ಬಗ್ಗೆ ಮಾತಾಡುವ ಹಕ್ಕು ತನಗಿದೆಯೇ ಎಂಬ ಅನುಮಾನ ಡಾರ್ವಿನ್ನರನ್ನು ಕೊರೆಯುತ್ತಿತ್ತು. ಆ ಹಕ್ಕನ್ನು ಅವರು ಒಂದೊಂದೇ ಬಾರ್ನಕಲ್ ಕೊಯ್ದು ಸಂಪಾದಿಸಿದರು. 1853ರಲ್ಲಿ ರಾಯಲ್ ಸೊಸೈಟಿಯ ಪದಕವೂ ಬಂತು. ಅವರನ್ನು ಕಾಡುತ್ತಿದ್ದ ಹೊಟ್ಟೆಯ ತೊಂದರೆ ಮಾತ್ರ ಸುಧಾರಿಸಲಿಲ್ಲ. 1858ರಲ್ಲಿ ವ್ಯಾಲೇಸ್ ಎಂಬ ಇನ್ನೊಬ್ಬ ಜೀವವಿಜ್ಞಾನಿ ತಮ್ಮದೂ ಅದೇ ಸಿದ್ಧಾಂತ ಎಂಬ ಕಾಗದ ಕಳಿಸಿದಾಗ ಎದ್ದುಬಿದ್ದು ಬರೆದರು; ಮರುವರ್ಷ ಪುಸ್ತಕ ಹೊರಬಂದಾಗ ಲೇಖಕರು ಇಲ್ಕ್ಲಿ ಎಂಬ ಊರಿನಲ್ಲಿ ತಣ್ಣೀರು ಚಿಕಿತ್ಸೆ ಪಡೆಯುತ್ತಿದ್ದರು. ಲೋಕವೆಲ್ಲ ಹೆಸರಾದ ಮೇಲೆ, 1861ರಲ್ಲಿ, ಗೆಳೆಯ ಲಯೆಲ್‌ಗೆ ಬರೆದ ಕಾಗದದಲ್ಲಿ ಇವತ್ತು ತನಗೆ ತಲೆಯೇ ಓಡುತ್ತಿಲ್ಲ, ಎಲ್ಲರ ಮೇಲೂ ಎಲ್ಲದರ ಮೇಲೂ ದ್ವೇಷ ಬಂದಿದೆ ಎಂದು ತೋಡಿಕೊಂಡಿದ್ದಾರೆ. ಸೋಮವಾರ ಬೆಳಿಗ್ಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಯಾರಾದರೂ ಈ ಕಾಗದಕ್ಕೆ ಕಣ್ಣುಮುಚ್ಚಿ ರುಜು ಹಾಕಿಯಾರು.

ಬಾರ್ನಕಲ್ ಕೊಯ್ಯಲು ಎಂಟು ವರ್ಷ ಪುರುಸೊತ್ತಿಲ್ಲದವರಿಗೆ ಪೆನ್ಸಿಲ್ವೇನಿಯಾದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಅಗ್ಗದ ದಾರಿಯೊಂದನ್ನು ತೋರಿಸಿದರು. ಚಿಂತೆಯನ್ನು ಬಿಡಬೇಕಾಗಿಲ್ಲ, ಮುಂದಕ್ಕೆ ಹಾಕಿದರೆ ಸಾಕು. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂತು ಮನಸಾರೆ ಚಿಂತಿಸಬೇಕು. ನಡುವೆ ತಲೆಹಾಕಿದ ಚಿಂತೆಗೆ ‘ಸಂಜೆ ಬಾ’ ಎನ್ನಬೇಕು. ಸಾಲಗಾರರನ್ನು ಸಂಜೆ ಬರಹೇಳಿ ಅಭ್ಯಾಸವಿರುವ ನಮಗೆ ಇದು ಹೊಸದೇನಲ್ಲ. ತೊಡಕಿರುವುದು ಮನೆಯಲ್ಲಿ. ಆರು ಗಂಟೆಗೆ ಗೃಹಸ್ಥರು ವರಾಂಡದ ಕುರ್ಚಿಯಲ್ಲಿ ಶಾಸ್ತ್ರೋಕ್ತವಾಗಿ ಚಿಂತಿಸಲು ಕೂತರೆ, ಒಳಗಿನಿಂದ ‘ಸುಮ್ನೆ ಕೂತಿದೀರಲ್ಲ, ಈ ಹುರುಳಿಕಾಯಿ ನಾರು ತೆಗೀರಿ’ ಎಂದು ತಟ್ಟೆ ಬರುತ್ತದೆ. ನಾರು ತೆಗೆಯುವಾಗ, ಬೆಳಗಿನಿಂದ ಬಾಗಿಲು ಬಡಿಯುತ್ತಿದ್ದ ಚಿಂತೆಗಳಲ್ಲಿ ಅರ್ಧದಷ್ಟು ಹೆಸರು ಕೂಗಿದರೂ ಬರುವುದಿಲ್ಲ.

ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಎನ್ನಿಸುತ್ತಿದೆ ಎಂದಾದರೆ ಹುರುಳಿಕಾಯಿಯಿಂದ ಆಗುವ ಕೆಲಸವಲ್ಲ ಅದು. ‘ನಿಮ್ಹಾನ್ಸ್‌ಗೆ ಹೋಗು’ ಎಂಬುದು ಬೆಂಗಳೂರಿನಲ್ಲಿ ಬೈಗುಳವಾಗಿದ್ದ ಕಾಲವಿತ್ತು. 2022ರ ಅಕ್ಟೋಬರ್‌ನಿಂದ ಅದೇ ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಕಾಸು ಕೊಡಬೇಕಾಗಿಲ್ಲ, ಆಟೋದವರ ಜೊತೆ ಚೌಕಾಸಿಯೂ ಇಲ್ಲ.

ಆದರೂ ಬರಿಯ ‘ಯೋಚನೆ ಮಾಡ್ಬೇಡ’ ಒಮ್ಮೆ ಫಲಿಸಿದ್ದುಂಟು. ಭದ್ರಾವತಿಯಲ್ಲಿ ಹುಟ್ಟಿದ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದವರು. 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್ ಆಡಿ ಸೊನ್ನೆಗೆ ಔಟಾದರು. ಇಪ್ಪತ್ತರ ಹುಡುಗನಿಗೆ ಜೀವವೇ ಬಾಯಿಗೆ ಬಂದಿರಬೇಕು. ನಾಯಕ ಪಟೌಡಿ ಬಂದು ಚಿಂತೆ ಬೇಡ, ನೀನು ಶತಕ ಹೊಡೆಯುತ್ತೀಯ ಅಂದರು. ಎರಡನೆಯ ಇನ್ನಿಂಗ್ಸ್‌ನಲ್ಲಿ ವಿಶ್ವನಾಥ್ 137 ಹೊಡೆದರು. ಕಾಫಿ ಕುಡಿದು ಹೋಗುವವರ ಸಲಹೆಗೂ ಇದಕ್ಕೂ ಇರುವ ಅಂತರ ಕಾಣುವಂಥದ್ದೇ: ತಂಡದಲ್ಲಿ ಜಾಗ ಕೊಟ್ಟ ಮನುಷ್ಯನೇ ಬಂದು ಹೇಳಿದ ಮಾತದು.

ಅಲ್ಲಿಗೆ ನೆಮ್ಮದಿಯೇ? ಎಲ್ಲಿ ಬಂತು! ಲಾಲಾ ಅಮರನಾಥರಿಂದ ಹನುಮಂತ್ ಸಿಂಗ್‌ವರೆಗೆ, ಅಲ್ಲಿಯತನಕ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದಿದ್ದ ಐವರು ಭಾರತೀಯರಲ್ಲಿ ಒಬ್ಬರಿಗೂ ಎರಡನೆಯ ಟೆಸ್ಟ್ ಶತಕ ಒಲಿದಿರಲಿಲ್ಲ. ಸೊನ್ನೆಯ ಭಯ ಹೋಗಿ ಶತಕದ ಭಯ ಬಂದು ಕೂತಿತು. ಮೂರು ವರ್ಷ ದಾಟಿತು. 1973ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ಕೊನೆಗೂ ಆ ಎರಡನೆಯ ಶತಕ ಬಂದಾಗ, ಇಂಗ್ಲೆಂಡಿನ ಆರೂವರೆ ಅಡಿಯ ಟೋನಿ ಗ್ರೇಗ್ ಎದುರಾಳಿ ತಂಡದವರೆಂಬುದನ್ನೂ ಮರೆತು, ಐದಡಿ ಚಿಲ್ಲರೆಯ ವಿಶ್ವನಾಥರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೂಸಿನ ಹಾಗೆ ತೂಗಿದರು. ಆ ಎತ್ತರದಲ್ಲಿ ವಿಶ್ವನಾಥರ ತಲೆಯಲ್ಲಿ ಏನು ಓಡುತ್ತಿತ್ತೋ. ಈ ಪುಣ್ಯಾತ್ಮ ಕೈಬಿಡದಿದ್ದರೆ ಸಾಕಪ್ಪಾ ಎಂದಿದ್ದರೂ ಇರಬಹುದು.