ಇಂಟರ್ವೆಲ್ ಆದಮೇಲೆ

ಶಿವರಾತ್ರಿ ಕಳೆಯಿತೆಂದರೆ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ನಮ್ಮ ಹರೂರಿನಲ್ಲಿ ಯಾವ ಅಂಗಳ ನೋಡಿದರೂ ಹುಣಸೆಹಣ್ಣು. ಬೇಲಿಯ ಈಚೆ ನಾನು, ಆಚೆ ಪಕ್ಕದ ಮನೆ ಅಕ್ಕ. ಒಣಗಿದ ಓಡನ್ನು ಅಂಗೈಯಲ್ಲಿ ಅದುಮಿದರೆ ಪಟಪಟ ಒಡೆಯುತ್ತದೆ. ನಾರು ಎಳೆದು, ಹಣ್ಣನ್ನು ಕಲ್ಲಿನ ಮೇಲಿಟ್ಟು ಕೊಡತಿಯಿಂದ ಒಂದೇಟು ಹಾಕಿದರೆ ಬೀಜ ಚಿಮ್ಮಿ ಬೇಲಿ ದಾಟುತ್ತದೆ. ಅವರ ಬೀಜ ನಮ್ಮ ಕಡೆಗೆ, ನಮ್ಮದು ಅವರ ಕಡೆಗೆ. ಮಾತೂ ಹಾಗೇ. ಎರಡೂ ಮನೆಯಲ್ಲಿ ಆಡುವುದು ಕನ್ನಡ. ಬೀದಿಗೆ ಇಳಿದರೆ ತಮಿಳು. ಬಸ್ಸಿನ ಬೋರ್ಡಿನಲ್ಲಿ 'ಅರೂರ್', ನಮ್ಮ ಬಾಯಲ್ಲಿ ಹರೂರು.

"ನಿನ್ನೆ ಪೂರ್ತಿ ನೋಡಿದೆ ಕಣಮ್ಮ" ಅಂದರು ಅಕ್ಕ, ಕೊಡತಿ ಕೆಳಗಿಡದೆ.

"ಏನನ್ನಕ್ಕ?"

"ಅದೇ, ಅವತ್ತು ಅರ್ಧಕ್ಕೇ ಎದ್ದು ಬಂದಿದ್ದೆನಲ್ಲ. ಆಯಿರತ್ತಿಲ್ ಒರುವನ್."

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ರಜೆಗೆ ಬಂದಿದ್ದ, ರಾತ್ರಿ ಅದನ್ನು ಹಾಕಿದನಂತೆ. ನಾನು ಕೈಯಲ್ಲಿದ್ದ ಹಣ್ಣನ್ನು ಮೊರಕ್ಕೆ ಹಾಕಿ ಬೇಲಿಗೆ ಒರಗಿ ನಿಂತೆ. ಆ ಚಿತ್ರದ ವಿಷಯ ಬಂದರೆ ನಮ್ಮ ಬೀದಿಯಲ್ಲಿ ಇಬ್ಬರ ಮಾತು ಒಂದಾಗುವುದಿಲ್ಲ. ನನಗೆ ಅದು ಇಷ್ಟ. ಬಹಳ ಇಷ್ಟ. ಅದಕ್ಕೇ ಕೇಳುವ ಆಸೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸೆಲ್ವರಾಘವನ್ ನಿರ್ದೇಶನದ ಈ ತಮಿಳು ಚಿತ್ರ ಬಂದದ್ದು 2010ರ ಜನವರಿ 14, ಪೊಂಗಲ್ ಹಬ್ಬದ ದಿನ. ಕಾರ್ತಿ, ರೀಮಾ ಸೇನ್, ಆಂಡ್ರಿಯಾ, ಪಾರ್ಥಿಬನ್. ಸೆನ್ಸಾರಿನವರು ಕೊಟ್ಟದ್ದು 'ಎ' ಸರ್ಟಿಫಿಕೇಟು, ಅಂದರೆ 18 ತುಂಬಿದವರಿಗೆ ಮಾತ್ರ. 1279ರಲ್ಲಿ ಚೋಳರ ರಾಜ್ಯ ಮುಳುಗುವಾಗ ಒಬ್ಬ ರಾಜಕುಮಾರನನ್ನು ಪಾಂಡ್ಯರ ವಿಗ್ರಹದ ಸಮೇತ ಯಾರಿಗೂ ತಿಳಿಯದ ಜಾಗಕ್ಕೆ ಕಳಿಸಿಬಿಡುತ್ತಾರೆ. ಇವತ್ತಿನ ಕಾಲದಲ್ಲಿ ಕೆಲವರು ಆ ಜಾಗ ಹುಡುಕಿಕೊಂಡು ಹೊರಡುತ್ತಾರೆ. ಅದು ಕಥೆಯ ಬೀಜ. ಇಂಟರ್ವೆಲ್ ತನಕ ಸಮುದ್ರ, ನರಭಕ್ಷಕರು, ಹಾವು, ಉಸುಕು, ಜೊತೆಗೆ ಕಾರ್ತಿಯ ತಮಾಷೆ. ಇಂಟರ್ವೆಲ್ ಆದಮೇಲೆ ಬೇರೆಯೇ ಲೋಕ. ಹಸಿದು ಕಂಗಾಲಾದ ಜನ, ಕತ್ತಲೆಯ ಪಾಳುಕೋಟೆ, ಹುಚ್ಚಿನ ಅಂಚಿನಲ್ಲಿರುವ ರಾಜ, ರಕ್ತ.

ಅವತ್ತು ಅಕ್ಕ ಮೋಸ ಹೋದದ್ದು ಹೆಸರಿನಿಂದ. 1965ರಲ್ಲಿ ಇದೇ ಹೆಸರಿನ ಎಂಜಿಆರ್ ಚಿತ್ರ ಬಂದಿತ್ತು. ಎಂಜಿಆರ್ ಮತ್ತು ಜಯಲಲಿತಾ ಜೋಡಿಯಾದ ಮೊದಲ ಚಿತ್ರ ಅದು. ನಿರ್ದೇಶಿಸಿದವರು ನಮ್ಮ ಬಿ.ಆರ್. ಪಂತುಲು, 'ಕಿತ್ತೂರು ಚೆನ್ನಮ್ಮ' ಕೊಟ್ಟವರು. ಜಯಲಲಿತಾ ಅವರನ್ನು 'ಚಿನ್ನದ ಗೊಂಬೆ'ಯಲ್ಲಿ ಮೊದಲು ನಾಯಕಿ ಮಾಡಿದವರೂ ಅವರೇ. ಆ ಹಳೆಯ ಚಿತ್ರದಲ್ಲಿ ಎಂಜಿಆರ್ ವೈದ್ಯ. ಗುಲಾಮನಾಗಿ ದ್ವೀಪಕ್ಕೆ ಮಾರಾಟವಾಗಿ, ಎದ್ದು ನಿಂತು, ಎಲ್ಲರನ್ನೂ ಬಿಡಿಸುತ್ತಾನೆ. ಅಕ್ಕನ ಯಜಮಾನರು ಅದನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಹಡಗು, ಕತ್ತಿವರಸೆ, ಹಾಡು ಇರುತ್ತದೆಂದು ಪೊಂಗಲ್ ಉಂಡು ಮಕ್ಕಳನ್ನೂ ಕರೆದುಕೊಂಡು ಹೊರಟರು. ಮಗನಿಗೆ ಆಗ ಎಂಟು ವರ್ಷ. ಟಾಕೀಸಿನ ಬಾಗಿಲಲ್ಲಿ ಯಾರೂ ವಯಸ್ಸು ಕೇಳಲಿಲ್ಲ.

"ಮಗು ನನ್ನ ಸೆರಗು ಬಾಯಿಗೆ ತುರುಕಿಕೊಂಡು ಕೂತಿತ್ತು. ಮುಖ ನೋಡಿದೆ, ಬೆವರಿತ್ತು. ಎತ್ತಿಕೊಂಡು ಬಂದುಬಿಟ್ಟೆ."

ಅಕ್ಕ ಮಾಡಿದ್ದು ಸರಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಆ ಚಿತ್ರವನ್ನು ಮೆಚ್ಚುವವರು ಎದ್ದುಹೋದವರನ್ನು ರುಚಿ ಗೊತ್ತಿಲ್ಲದವರೆಂದು ಹಳಿಯುವುದನ್ನು ಕೇಳಿದ್ದೇನೆ. ಅದು ನನಗೆ ಹಿಡಿಸುವುದಿಲ್ಲ. ತೊಡೆಯ ಮೇಲೆ ಮಗು ಇದ್ದವಳು ನೋಡುವ ಚಿತ್ರವೇ ಬೇರೆ, ಒಬ್ಬಂಟಿಯಾಗಿ ಕೂತವನು ನೋಡುವ ಚಿತ್ರವೇ ಬೇರೆ.

ಅಷ್ಟರಲ್ಲಿ ನಿವೃತ್ತ ತಮಿಳು ಮೇಷ್ಟ್ರು ಸೈಕಲ್ ತಳ್ಳಿಕೊಂಡು ಬಂದರು. ಹುಣಸೆಹಣ್ಣಿನ ರೇಟು ಕೇಳಲು ನಿಂತವರು ಮಾತಿನೊಳಗೆ ಸೇರಿಕೊಂಡರು. ಅವರು ಅದನ್ನು ಮೊದಲ ವಾರದಲ್ಲೇ ನೋಡಿದವರು. ಇಂಟರ್ವೆಲ್ ತನಕ ಅವರಿಗೆ ಬೇಸರವಂತೆ, ಆಮೇಲೆಯೇ ಚಿತ್ರ ಶುರುವಾದದ್ದು. ಅಲ್ಲಿ ಚೋಳರ ಜನ ಆಡುವ ಹಳೆಯ ತಮಿಳು ಕೇಳಿ ಟಾಕೀಸಿನಲ್ಲಿ ಅರ್ಧ ಜನ "ಏನಂತೆ, ಏನಂತೆ" ಎಂದು ಪಿಸುಗುಟ್ಟುತ್ತಿದ್ದರೆ ಇವರ ಕಣ್ಣಲ್ಲಿ ನೀರು. "ನಲವತ್ತು ವರ್ಷ ಪಾಠ ಮಾಡಿದ ಭಾಷೆಯನ್ನು ಹಸಿದ ಬಾಯಿಂದ ಕೇಳಿದೆನಮ್ಮ" ಅಂದರು.

ಇನ್ನೊಂದು ಮಾತನ್ನು ಅವರು ದನಿ ತಗ್ಗಿಸಿ ಹೇಳಿದರು. ಲಂಕೆಯಲ್ಲಿ ಯುದ್ಧ ಮುಗಿದದ್ದು 2009ರ ಮೇ ತಿಂಗಳು. ಚಿತ್ರ ಬಂದದ್ದು ಎಂಟು ತಿಂಗಳಿಗೆ. ಕೊನೆಯಲ್ಲಿ ಸೈನ್ಯ ನುಗ್ಗಿ, ಸೆರೆ ಸಿಕ್ಕ ಹೆಂಗಸರ ಮೇಲೆ ನಡೆಸುವ ಅತ್ಯಾಚಾರ ತೆರೆಯ ಮೇಲೆ ಬಂದಾಗ ಅವರ ಪಕ್ಕದಲ್ಲಿದ್ದವರೊಬ್ಬರು ತಲೆ ಬಗ್ಗಿಸಿ ಕೂತರಂತೆ, ದೀಪ ಹೊತ್ತುವ ತನಕ ಎತ್ತಲಿಲ್ಲವಂತೆ. ಯುದ್ಧ ಮುಗಿಯುವುದಕ್ಕೆ ಮುಂಚೆಯೇ ಆ ಚಿತ್ರದ ಕೆಲಸ ಶುರುವಾಗಿತ್ತು ಎನ್ನುವುದು ನಿಜ. ಆದರೂ ತಮಿಳುನಾಡಿನಲ್ಲಿ ಎಷ್ಟೋ ಜನ ಅದನ್ನು ಹಾಗೆಯೇ ನೋಡಿದರು. ಒಂದೇ ತೆರೆ. ಒಬ್ಬರಿಗೆ ಎಂಜಿಆರ್ ಕಾಣಲಿಲ್ಲವೆಂಬ ನಿರಾಸೆ, ಇನ್ನೊಬ್ಬರಿಗೆ ಲಂಕೆಯ ಆ ಯುದ್ಧ ಕೊನೆಗೊಂಡ ಮುಳ್ಳಿವಾಯ್ಕಾಲ್ ಕಂಡ ಸಂಕಟ.

ನನಗೆ ಕಂಡದ್ದು ಇವೆರಡೂ ಅಲ್ಲ. 1279 ಎಂದು ತೆರೆಯ ಮೇಲೆ ಬಂದ ಕೂಡಲೇ ಮೈ ಜುಮ್ಮೆಂದಿತ್ತು. ಆ ವರ್ಷ ಪಾಂಡ್ಯರ ಮಾರವರ್ಮ ಕುಲಶೇಖರನ ಎದುರು ಸೋತವನು ಮೂರನೇ ರಾಜೇಂದ್ರ ಚೋಳ ಒಬ್ಬನೇ ಅಲ್ಲ. ಅವನ ಜೊತೆ ನಿಂತು ಸೋತವನು ಹೊಯ್ಸಳ ರಾಮನಾಥ, ಶ್ರೀರಂಗದ ಹತ್ತಿರದ ಕಣ್ಣನೂರಿನಿಂದ ಆಳುತ್ತಿದ್ದವನು. ಸೋತ ಮೇಲೆ ಅವನು ಬಂದು ನೆಲೆ ನಿಂತದ್ದು ಕುಂದಾಣಿಯಲ್ಲಿ. ಕುಂದಾಣಿ ಇರುವುದು ಈಗಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ನಮ್ಮ ನೆರೆಯಲ್ಲೇ. ಚಿತ್ರದ ಚೋಳ ಕುಡಿ ಸಮುದ್ರ ದಾಟಿ ಓಡಿತು. ಇತಿಹಾಸದ ಕನ್ನಡ ರಾಜ ನಮ್ಮ ಬೆಟ್ಟಗಳ ಕಡೆಗೆ ಸರಿದ. ಹೊಯ್ಸಳರ ಲಾಂಛನದಲ್ಲಿ ಸಳ ಕೊಲ್ಲುತ್ತಿರುವುದು ಹುಲಿಯನ್ನು, ಚೋಳರ ಬಾವುಟದಲ್ಲಿ ಇದ್ದದ್ದೂ ಹುಲಿ. ಅಷ್ಟು ಹಗೆಯಿದ್ದವರು ಕೊನೆಗೆ ಒಂದೇ ಯುದ್ಧದಲ್ಲಿ ಒಟ್ಟಿಗೆ ಸೋತರು. ನೂರಾರು ವರ್ಷ ಹಿಂದೆ ನಾವೂ 'ಪುಲಿ' ಎಂದೇ ಅನ್ನುತ್ತಿದ್ದೆವು, ಹಾಲಿಗೆ 'ಪಾಲ್', ಹೂವಿಗೆ 'ಪೂ'. ಹಳಗನ್ನಡ ಓದಿದವರಿಗೆ ಇದು ಗೊತ್ತು. ಹಾಗಾಗಿ ಟಾಕೀಸಿನಲ್ಲಿ ತಮಿಳರೇ ತಡಕಾಡುತ್ತಿದ್ದ ಮಾತು ನನ್ನ ಕಿವಿಗೆ ಅರ್ಧ ತವರಿನ ಮಾತಿನಂತೆ ಬಿತ್ತು. ಇದನ್ನು ಹೇಳಿದಾಗ ಮೇಷ್ಟ್ರು ಸೈಕಲ್ ಸ್ಟ್ಯಾಂಡ್ ಹಾಕಿಯೇಬಿಟ್ಟರು.

ಅಕ್ಕನ ಮಗ ಕಾಫಿ ಲೋಟ ಹಿಡಿದು ಹೊರಗೆ ಬಂದ. ಅವನು ಈ ಬಗೆಯ ಚಿತ್ರಗಳನ್ನು ಹುಡುಕಿ ಹುಡುಕಿ ನೋಡುವವನು. ಮರಾಠಿ ನೆಲದ ಕಥೆಯ ಹಿಂದಿ ಚಿತ್ರ 'ತುಂಬ್ಬಾಡ್' 2018ರ ಅಕ್ಟೋಬರಿನಲ್ಲಿ ಬಂದಾಗ ನೋಡಿದವರು ಕಡಿಮೆ. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ದುಡ್ಡು ಮಾಡಿತು. ಆಯಿರತ್ತಿಲ್ ಒರುವನ್ ಕೂಡ 2021ರ ಡಿಸೆಂಬರ್ 31ಕ್ಕೆ ಮತ್ತೆ ಟಾಕೀಸಿಗೆ ಬಂದಿತು, ಮೊದಲು ಬೈದವರೇ ಹೋಗಿ ಶಿಳ್ಳೆ ಹಾಕಿದರು. "ಚಿತ್ರ ಅದೇ ಅಲ್ವಾ ಅತ್ತೆ, ಬದಲಾದದ್ದು ನಾವು" ಅಂದ.

ಅವನು ಹೇಳಿದ ಇನ್ನೊಂದು ಚಿತ್ರ ಮಾತನ್ನು ಬೇರೆ ಕಡೆಗೆ ತಿರುಗಿಸಿತು. 'ಪ್ಯಾನ್ಸ್ ಲ್ಯಾಬಿರಿಂತ್', ಸ್ಪ್ಯಾನಿಷ್ ಭಾಷೆಯದು, 2006ರದು, ಮೆಕ್ಸಿಕೋದ ಗಿಯೆರ್ಮೊ ದೆಲ್ ತೋರೊ ಮಾಡಿದ್ದು. ಮೂರು ಆಸ್ಕರ್ ಬಂದಿವೆ. 1944ರ ಸ್ಪೇನ್. ಅಂತರ್ಯುದ್ಧ ಮುಗಿದರೂ ಕಾಡಿನಲ್ಲಿ ಬಂಡಾಯಗಾರರು ಉಳಿದಿದ್ದಾರೆ, ಅವರನ್ನು ಬೇಟೆಯಾಡುವ ಕ್ಯಾಪ್ಟನ್ ಇದ್ದಾನೆ. ಅವನ ಮಲಮಗಳು ಒಫೀಲಿಯಾ, ಪುಟ್ಟ ಹುಡುಗಿ. ಆಡಿನ ಕಾಲು, ಕೊಂಬು ಇರುವ ಒಬ್ಬ ಅವಳಿಗೆ ಹೇಳುತ್ತಾನೆ: ನೀನು ಪಾತಾಳಲೋಕದ ರಾಜಕುಮಾರಿ, ಮೂರು ಕೆಲಸ ಮಾಡಿದರೆ ಮನೆಗೆ ಹಿಂದಿರುಗಬಹುದು. ಒಂದು ಕಡೆ ಅಂಗೈಯಲ್ಲಿ ಕಣ್ಣಿರುವ ರಾಕ್ಷಸ. ಇನ್ನೊಂದು ಕಡೆ ಆ ಕ್ಯಾಪ್ಟನ್ ಒಬ್ಬ ಬಡ ರೈತನ ಮಗನ ಮುಖವನ್ನು ಬಾಟಲಿಯಿಂದ ಜಜ್ಜಿ ಕೊಲ್ಲುತ್ತಾನೆ. ರಾಕ್ಷಸನಿಗಿಂತ ಆ ಬಾಟಲಿಯೇ ಕಣ್ಣಿಗೆ ಕಟ್ಟುತ್ತದೆ. ಕೊನೆಗೆ ಹುಡುಗಿಗೆ ಗುಂಡು ಬೀಳುತ್ತದೆ. ಮರುಗಳಿಗೆ ಅವಳು ಬಂಗಾರದ ಬೆಳಕಿನ ಅರಮನೆಯಲ್ಲಿ ತಂದೆ ತಾಯಿಯ ಮುಂದೆ ನಿಂತಿದ್ದಾಳೆ.

"ಇಲ್ಲೇ ಜಗಳ" ಅಂದ ಹುಡುಗ. "ಅವಳು ನಿಜವಾಗಿ ರಾಜಕುಮಾರಿಯಾದಳು ಅನ್ನೋರು ಒಂದು ಕಡೆ. ಸಾಯೋ ಮಗುವಿನ ಕನಸು ಅಷ್ಟೇ ಅನ್ನೋರು ಇನ್ನೊಂದು ಕಡೆ."

ಅಕ್ಕ ಚಿತ್ರ ನೋಡಿದವರಲ್ಲ. ಕೊಡತಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ಇದರಲ್ಲಿ ಜಗಳ ಏನು? ವೀರಗಲ್ಲು ನೋಡಿಲ್ವಾ?"

ನಾನು ಸುಮ್ಮನೆ ನಿಂತುಬಿಟ್ಟೆ. ಕರ್ನಾಟಕದ ಕಡೆಯ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಹೋರಾಟ, ಮೈಗೆ ನೆಟ್ಟ ಬಾಣ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೂತಿರುತ್ತಾನೆ. ಸತ್ತದ್ದೂ ನಿಜ, ಸ್ವರ್ಗಕ್ಕೆ ಹೋದದ್ದೂ ನಿಜ, ಎರಡೂ ಒಂದೇ ಕಲ್ಲಿನಲ್ಲಿ. ಅದನ್ನು ನೋಡಿದ ಹಳ್ಳಿಯವರು ಯಾವುದು ಕನಸು ಎಂದು ಕೇಳಲಿಲ್ಲ. ನಮ್ಮ ಧರ್ಮಪುರಿ ಕಡೆ ನಡುಗಲ್ಲುಗಳು, ಅಂದರೆ ಇಲ್ಲಿನ ವೀರಗಲ್ಲುಗಳು, ಹೊಲಗದ್ದೆಯಲ್ಲೆಲ್ಲ ಸಿಗುತ್ತವೆ, ಧರ್ಮಪುರಿಯ ಮ್ಯೂಸಿಯಮ್ಮಿನಲ್ಲೂ ತಂದು ನಿಲ್ಲಿಸಿದ್ದಾರೆ. ಇಲ್ಲಿನವುಗಳಲ್ಲಿ ಹೆಚ್ಚಾಗಿ ಒಂದೇ ಚಿತ್ರ, ಆಯುಧ ಹಿಡಿದ ವೀರ. ಮೇಲಿನ ಲೋಕ ಕೆತ್ತಿರುವುದಿಲ್ಲ. ಅದನ್ನು ಹೇಳುವುದು ಪೂಜೆ ಮಾಡುವ ಮನೆಯವರು.

ಆಯಿರತ್ತಿಲ್ ಒರುವನ್ ಒಂದೇ ಅಂತಸ್ತಿನ ಕಲ್ಲು ಎಂದು ನನಗೆ ಆಗ ಅನ್ನಿಸಿತು. ಬಾಣ ನೆಟ್ಟ ಮೈಯನ್ನು ತೋರಿಸಿ ಚಿತ್ರ ಸುಮ್ಮನಾಗುತ್ತದೆ. ಮೇಷ್ಟ್ರು ಮೇಲಿನ ಅಂತಸ್ತನ್ನು ಭಾಷೆಯಿಂದ ಕಟ್ಟಿಕೊಂಡರು, ನಾನು ಕುಂದಾಣಿಯಿಂದ. ಎಂಟು ವರ್ಷದ ಮಗುವಿಗೆ ಕಟ್ಟಿಕೊಳ್ಳಲು ಏನೂ ಇರಲಿಲ್ಲ, ಸೆರಗು ಮಾತ್ರ ಇತ್ತು.

"ಮಕ್ಕಳಿಗೆ ರಕ್ತ ತೋರಿಸಬಾರದು ಅಂದರೆ ಕೂತ್ತು ಏನು ಮಾಡೋಣ?" ಮೇಷ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಬೇಸಗೆ ಬಂದರೆ ದ್ರೌಪದಿಯಮ್ಮನ ಗುಡಿಗಳಲ್ಲಿ ಭಾರತ ಓದಿಸಿ ರಾತ್ರಿಯೆಲ್ಲ ಕೂತ್ತು, ಅಂದರೆ ಬಯಲಾಟ, ಆಡಿಸುತ್ತಾರೆ. ಕೊನೆಯ ಬೆಳಿಗ್ಗೆ ಬಯಲಿನಲ್ಲಿ ಮಣ್ಣಿನ ದುರ್ಯೋಧನನನ್ನು ಮಲಗಿಸಿರುತ್ತಾರೆ, ಹತ್ತಾರು ಅಡಿ ಉದ್ದ. ಭೀಮನ ವೇಷದವನು ಗದೆ ಹಿಡಿದು ಸುತ್ತು ಬಂದು ತೊಡೆಗೆ ಹೊಡೆಯುತ್ತಾನೆ. ಕೆಂಪು ನೀರು ಹರಿಯುತ್ತದೆ. ದ್ರೌಪದಿ ಅದನ್ನು ಮುಡಿಗೆ ಸವರಿಕೊಂಡು ಕೂದಲು ಕಟ್ಟುತ್ತಾಳೆ. ನಾನೂ ಅಕ್ಕನೂ ಅದನ್ನು ಆರೇಳು ವರ್ಷದಲ್ಲೇ ನೋಡಿದವರು. ಮಾದೇಶ್ವರನ ಬೆಟ್ಟದ ಹಾಡು ಕೇಳಿದವರಿಗೂ ಗೊತ್ತು: ಭಾಷೆ ಕೊಡಲಿಲ್ಲವೆಂದು ಸಂಕಮ್ಮನನ್ನು ಗಂಡ ನೀಲೇಗೌಡ ಹಿಂಸಿಸಿ ಕಾಡಿನಲ್ಲಿ ಒಂಟಿಯಾಗಿ ಬಿಟ್ಟುಹೋಗುವ ಭಾಗ ಯಾವ ಚಿತ್ರಕ್ಕೂ ಕಡಿಮೆಯಲ್ಲ. ಅದನ್ನು ಕೇಳುತ್ತ ಅಜ್ಜಿಯ ಪಕ್ಕದಲ್ಲೇ ನಿದ್ದೆ ಹೋಗಿದ್ದೇವೆ.

ಆದರೆ ಅಲ್ಲಿ ಅಜ್ಜಿ ಇದ್ದಳು. ದುರ್ಯೋಧನ ಯಾರು, ಯಾಕೆ ಬಿದ್ದ ಎಂದು ವಾರಗಟ್ಟಲೆ ಮೊದಲೇ ಕೇಳಿಸಿಕೊಂಡಿದ್ದೆವು. ಭೀಮನ ವೇಷದವನು ಮಧ್ಯಾಹ್ನ ಬಣ್ಣ ತೊಳೆದು ಚಹಾ ಅಂಗಡಿಯಲ್ಲಿ ಕೂತಿದ್ದನ್ನೂ ನೋಡುತ್ತಿದ್ದೆವು. ಸಂಕಮ್ಮನ ಹತ್ತಿರಕ್ಕೆ ಮಾದೇವ ಬಂದೇ ಬರುತ್ತಾನೆಂದು ಹಾಡುವವನ ದನಿಯಲ್ಲೇ ಗೊತ್ತಾಗುತ್ತಿತ್ತು. ಟಾಕೀಸಿನ ಕತ್ತಲೆಯಲ್ಲಿ ಇದು ಯಾವುದೂ ಇಲ್ಲ. ಅದಕ್ಕೇ 'ಎ' ಸರ್ಟಿಫಿಕೇಟನ್ನು ನಾನು ಹಗುರವಾಗಿ ಕಾಣುವುದಿಲ್ಲ. 2024ರ ಹೊಸ ನಿಯಮದಲ್ಲಿ ಯುಎ ಚಿತ್ರಗಳನ್ನೂ 7, 13, 16 ವರ್ಷ ಎಂದು ಮೂರಾಗಿ ಮಾಡಿದ್ದಾರೆ. ಒಳ್ಳೆಯ ಕೆಲಸ. ಪೋಸ್ಟರಿನ ಮೂಲೆಯ ಆ ಸಣ್ಣ ಅಕ್ಷರವನ್ನು ನಾವು ಓದಬೇಕು, ಬಾಗಿಲಲ್ಲಿ ನಿಂತವರೂ ಕೇಳಬೇಕು.

"ಸರಿ ಅಕ್ಕ, ನಿನ್ನೆ ನೋಡಿದಿರಲ್ಲ. ಹೇಗಿತ್ತು?" ಅದನ್ನು ಕೇಳುವುದೇ ಮರೆತುಹೋಗಿತ್ತು.

ಅಕ್ಕ ಸ್ವಲ್ಪ ಹೊತ್ತು ಹಣ್ಣಿನ ನಾರು ಎಳೆಯುತ್ತಿದ್ದರು. "ಅವತ್ತು ನಾನು ಎದ್ದು ಬಂದದ್ದು ಎಲ್ಲಿಗೆ ಗೊತ್ತಾ? ಆ ಜನ ಹಸಿವು ಅಂತ ರಾಜನ ಮುಂದೆ ಕೂಗೋ ಜಾಗಕ್ಕೆ. ರಕ್ತ ನೋಡಿ ಹೆದರಿದೆ ಅಂದುಕೊಂಡಿದ್ದೆ. ನಿನ್ನೆ ನೋಡಿದರೆ ಅಲ್ಲಿ ಒಬ್ಬಳು ತಾಯಿ. ಎದೆಯಲ್ಲಿ ಹಾಲಿಲ್ಲ ಅವಳಿಗೆ." ಮುಂದಕ್ಕೆ ಮಾತು ಬರಲಿಲ್ಲ. ಮಗ ಲೋಟ ಕೆಳಗಿಟ್ಟು ತಾಯಿಯ ಪಕ್ಕದಲ್ಲಿ ಕೂತು ಹಣ್ಣು ಬಿಡಿಸತೊಡಗಿದ.

ನೀವು ಆ ಚಿತ್ರವನ್ನು ಇನ್ನೂ ನೋಡಿರದಿದ್ದರೆ, ಅಥವಾ ಅಕ್ಕನ ಹಾಗೆ ಅರ್ಧಕ್ಕೆ ಬಿಟ್ಟಿದ್ದರೆ, ಮಕ್ಕಳು ಮಲಗಿದ ಮೇಲೆ ಒಂದು ರಾತ್ರಿ ಹಾಕಿಕೊಳ್ಳಿ. ಮೂರು ಗಂಟೆ ಬೇಕು. ಒಬ್ಬರೇ ನೋಡಬೇಡಿ, ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಿ. ಇಂಟರ್ವೆಲ್ ಆದಮೇಲೆ ಏಳಬೇಡಿ.