ಕಾಡು ಉಳಿಸುವ ಕಾಫಿ: ಆಲಮೇಲದ ಬಳಕೆದಾರರಿಗೆ ಕೈಪಿಡಿ

ಬಳಕೆಗೆ ಮುನ್ನ: ಈ ಕೈಪಿಡಿ ಚಹಾ ಕುಡಿಯುವವರಿಗೂ ಅನ್ವಯ, ಏಕೆಂದರೆ ಆಲಮೇಲದಲ್ಲಿ ಬೇರೆಯವರು ಸಿಗುವುದು ಕಷ್ಟ. ಹೋಟೆಲಿನಲ್ಲಿ ಕಾಫಿ ಕೇಳಿದರೆ ‘ಯಾಕ್ರಿ, ಆರಾಮಿಲ್ಲೇನು?’ ಎಂದು ವಿಚಾರಿಸುತ್ತಾರೆ. ಗಾಬರಿ ಬೇಡ.

ಮೊದಲು ಪಾಕೀಟು ಎತ್ತಿಕೊಂಡು ಹಿಂದೆ ತಿರುಗಿಸಿ. ಮುಂದಿರುವ ಆನೆ, ಹಸಿರೆಲೆ, ಮಂಜು ನಂಬಬೇಡಿ. ಚಿತ್ರದಲ್ಲಿ ಕಾಡು ಬೆಳೆಸುವುದಕ್ಕೆ ಖರ್ಚಿಲ್ಲ. ಹಿಂದೆ ಸಣ್ಣಕ್ಷರದಲ್ಲಿ ಚಿಕೋರಿ ಶೇ. 49 ಎಂದಿದ್ದರೆ (ಕಾನೂನು ಅಷ್ಟರವರೆಗೆ ಬಿಡುತ್ತದೆ) ನಿಮ್ಮ ವನ್ಯಜೀವಿ ಪ್ರೇಮದಲ್ಲಿ ಹೆಚ್ಚುಕಡಿಮೆ ಅರ್ಧ, ಗುಜರಾತಿನದೋ ಉತ್ತರ ಪ್ರದೇಶದದೋ ಬಯಲು ಹೊಲದ ಬೇರಿಗೆ ಸಂದಾಯ.

ಉಳಿದರ್ಧಕ್ಕೆ ಮರದ ಹೆಸರು ಕೇಳಿ. ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಕಾಫಿ ನೆರಳಿನಲ್ಲೇ ಬೆಳೆಯುತ್ತದೆ. ಆದರೆ ನೆರಳೆಲ್ಲ ಒಂದೇ ಅಲ್ಲ. ಅತ್ತಿ, ಬಸರಿ, ಹಲಸು, ನಂದಿ, ಮತ್ತಿ ಉಳಿಸಿಕೊಂಡ ತೋಟದಲ್ಲಿ ಮಂಗಟ್ಟೆ ಹಕ್ಕಿಗೆ ಹಣ್ಣುಂಟು, ಕೆಂಜಳಿಲಿಗೆ ಕೊಂಬೆಯಿಂದ ಕೊಂಬೆಗೆ ದಾರಿಯುಂಟು. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ನೆಟ್ಟಗೆ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಹಣ್ಣು ತಿನ್ನುವ ಹಕ್ಕಿಗೆ ಮಾತ್ರ ಅದರಲ್ಲಿ ಊಟವಿಲ್ಲ.

ಹಾಗೆಂದು ಬೆಳೆಗಾರರನ್ನು ಬಯ್ಯುವ ಹಂತ ಈ ಕೈಪಿಡಿಯಲ್ಲಿಲ್ಲ. ತಮ್ಮದೇ ತೋಟದ ಕಾಡುಮರ ಕಡಿಯಲು ಅವರು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಸಿಲ್ವರ್ ಓಕ್‌ಗೆ ಆ ರಗಳೆಯಿಲ್ಲ, ಕಷ್ಟಕಾಲಕ್ಕೆ ಕಡಿದು ಮಾರಬಹುದು. ಹಲಸು ಉಳಿಸಿಕೊಂಡರೆ ಹಣ್ಣಿನ ವಾಸನೆಗೆ ಆನೆ ಬಂದು ಕಾಫಿ ಗಿಡ ತುಳಿಯುತ್ತದೆ. ಆ ನಷ್ಟವನ್ನು ಅವರೊಬ್ಬರ ತಲೆಗೇ ಕಟ್ಟಿ, ಅತಿ ಅಗ್ಗದ ಪುಡಿ ಹುಡುಕುವವರು ಪರಿಸರದ ಬಗ್ಗೆ ಭಾಷಣ ಮಾಡಕೂಡದು.

ಮುದ್ರೆಗಳ ವಿಚಾರ: 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಸಿಕ್ಕ ಭೌಗೋಳಿಕ ಸೂಚಿ ಊರು ಹೇಳುತ್ತದೆ, ಮರ ಹೇಳುವುದಿಲ್ಲ. ಸ್ಮಿತ್‌ಸೋನಿಯನ್ ಸಂಸ್ಥೆಯ ‘ಬರ್ಡ್ ಫ್ರೆಂಡ್ಲಿ’ ಮುದ್ರೆಗೆ ತೋಟ ಸಾವಯವವಾಗಿರಬೇಕು, ಕನಿಷ್ಠ ಶೇ. 40 ನೆರಳಿರಬೇಕು. ನಿಮ್ಮ ಕಿರಾಣಿ ಅಂಗಡಿಯಲ್ಲಿ ಅದನ್ನು ಹುಡುಕಿ ಸಮಯ ಹಾಳುಮಾಡಿಕೊಳ್ಳಬೇಡಿ.

ಎಚ್ಚರಿಕೆ: ದುಬಾರಿಯಾದದ್ದೆಲ್ಲ ಕಾಡಿಗೆ ಒಳ್ಳೆಯದಲ್ಲ. ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದ ಕಾಫಿಗಾಗಿ ಇಂಡೋನೇಷ್ಯಾದಲ್ಲಿ ಬೆಕ್ಕುಗಳನ್ನೇ ಬೋನಿಗೆ ಹಾಕುತ್ತಾರೆ.

ದೋಷ ನಿವಾರಣೆ: ‘ಕಾಕಾರ, ಈ ಕಾಫಿ ತ್ವಾಟದಾಗ ನೆರಳಿಗಿ ಯಾವ ಗಿಡ ಅದಾವ್ರಿ?’ ಎಂದು ಕೇಳಿದಾಗ ಅಂಗಡಿಯವರು ‘ಸಣ್ಣ ಪಾಕೀಟಿಗಿ ಇಷ್ಟ್ ಕೇಳ್ತೀರಿ, ಕನ್ಯಾ ನೋಡಾಕ ಹೋದಾಗೂ ಇಷ್ಟ್ ಕೇಳಿರಲಿಕ್ಕಿಲ್ಲ ಬಿಡ್ರಿ’ ಎನ್ನಬಹುದು. ಆಗ ಪಾಕೀಟಿನ ಹಿಂದಿರುವ ಕಂಪನಿಯ ನಂಬರಿಗೆ ಫೋನ್ ಹಚ್ಚಿ ಅದೇ ಪ್ರಶ್ನೆ ಕೇಳಿ. ‘ಕನ್ನಡಕ್ಕಾಗಿ ಎರಡು ಒತ್ತಿ’ ಎಂದರೆ ಒತ್ತಿ, ಕಾಯಿರಿ.