24 ವೋಲ್ಟಿನ ಜೀಪು: ಬಳಕೆದಾರರ ಕೈಪಿಡಿ (ಗೋವಾ ಆವೃತ್ತಿ)

ಅಭಿನಂದನೆಗಳು

ಸೇನೆಯ ಹರಾಜಿನಿಂದ ಕೈಯಿಂದ ಕೈಗೆ ದಾಟಿದ 24 ವೋಲ್ಟಿನ ಫೋರ್‌ವೀಲ್ ಜೀಪು ಈಗ ನಿಮ್ಮದು. ಬೆಳಗಾವಿಯಲ್ಲಿ ಕೊಂಡು, ಅನಮೋಡ ಘಾಟು ಇಳಿಸಿ, ಫೋಂಡಾದ ಮನೆ ಮುಂದೆ ನಿಲ್ಲಿಸಿದ್ದೀರಿ. ಇಂಜಿನ್ ಚೆನ್ನಾಗಿದೆ. ಇನ್ನು ಸ್ಟೀರಿಯೊ ಬೇಕು, ಮೊಬೈಲ್ ಚಾರ್ಜರ್ ಬೇಕು, ಭಾವನ ಗಾಡಿಗಿಂತ ಎರಡು ಲೈಟು ಹೆಚ್ಚಿಗೆ ಬೇಕು. ಕಾರಿನ ಅಂಗಡಿಯಲ್ಲಿ ಸಿಗುವುದೆಲ್ಲ 12 ವೋಲ್ಟಿನದು. ಕೈಪಿಡಿಯ ಅಗತ್ಯ ಬೀಳುವುದು ಇಲ್ಲೇ.

1. ಯಂತ್ರದ ಪರಿಚಯ

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದು 6 ವೋಲ್ಟು. 1950ರ ಹೊತ್ತಿಗೆ ಅಮೆರಿಕದ ಸೇನೆಗೆ ಬಂದ ಎಂ38 ಜೀಪು 24ಕ್ಕೇರಿತು. ವೋಲ್ಟು ಇಮ್ಮಡಿಯಾದರೆ ಅದೇ ಕೆಲಸಕ್ಕೆ ಆಂಪಿಯರ್ ಅರ್ಧ ಸಾಕು: 120 ವಾಟಿನ ಲೈಟಿಗೆ 12ರಲ್ಲಿ 10 ಆಂಪಿಯರ್, 24ರಲ್ಲಿ 5. ವೈರು ಅದೇ ಆಗಿದ್ದರೆ ಅದು ಕಾಯ್ದು ಪೋಲಾಗುವುದು ಕಾಲುಭಾಗ ಮಾತ್ರ. ನಮ್ಮ ದೊಡ್ಡ ಲಾರಿ, ಬಸ್ಸುಗಳೂ 24ರಲ್ಲಿ ಓಡುವುದು ಇದೇ ಲೆಕ್ಕಕ್ಕೆ. ಆದ್ದರಿಂದ ಬಲ್ಬು, ಹಾರ್ನು, ರಿಲೇ ಬೇಕಾದಾಗ ಲಾರಿ ಸಾಮಾನಿನ ಅಂಗಡಿಗೆ ಹೋಗಿ. ಅಲ್ಲಿ ಎಸಿ ಇರುವುದಿಲ್ಲ, ಸಾಮಾನು ಇರುತ್ತದೆ.

2. ಮಾಡಬಾರದ್ದು (ಹೇಗೂ ಮಾಡುತ್ತೀರಿ)

ಅ) ಒಳಗೆ 12 ವೋಲ್ಟಿನ ಎರಡು ಬ್ಯಾಟರಿ ಸಿರೀಸ್‌ನಲ್ಲಿ ಕೂತಿರುತ್ತವೆ. ನೋಡಿದ ಕೂಡಲೇ ನಿಮಗೊಂದು ಉಪಾಯ ಹೊಳೆಯುತ್ತದೆ: ನೆಗೆಟಿವ್ ಬಾಡಿಗೆ ಸೇರಿರುವ ಬ್ಯಾಟರಿಯಿಂದ ಒಂದು ವೈರು ಎಳೆದರೆ ಪುಕ್ಕಟೆ 12 ವೋಲ್ಟು! ಎಳೆಯಿರಿ. ಸ್ಟೀರಿಯೊ ಹಾಡುತ್ತದೆ, ಭಾವ ಬೆನ್ನು ತಟ್ಟುತ್ತಾರೆ. ಆದರೆ ಆಲ್ಟರ್ನೇಟರಿಗೆ ಕಾಣುವುದು ಜೋಡಿ ಮಾತ್ರ. ಎರಡಕ್ಕೂ ಸೇರಿಸಿ ಸುಮಾರು 28 ವೋಲ್ಟು ಕೊಡುತ್ತದೆ. ಕೂಡು ಕುಟುಂಬದಲ್ಲಿ ಗದ್ದೆಯಿಂದ ಬಂದವನಿಗೂ ಜಗಲಿಯಿಂದ ಎದ್ದವನಿಗೂ ಸಮ ಬಡಿಸಿದ ಹಾಗೆ. ಹಾಡಿದ ಬ್ಯಾಟರಿ ಎಂದೂ ತುಂಬದೆ ಪ್ಲೇಟಿಗೆ ಸಲ್ಫೇಟ್ ಕಟ್ಟುತ್ತದೆ. ಸುಮ್ಮನಿದ್ದದ್ದು ಓವರ್‌ಚಾರ್ಜ್ ಆಗಿ ನೀರು ಕುದಿಸಿಕೊಳ್ಳುತ್ತದೆ. ಧಾರವಾಡ ಕಡೆಯಿಂದ ಬಂದು ಇಲ್ಲಿ ಅಂಗಡಿ ಹಾಕಿದ ಎಲೆಕ್ಟ್ರಿಷಿಯನ್ ಮುಚ್ಚಳ ಬಿಚ್ಚಿ ಎರಡರಲ್ಲೂ ಇಣುಕಿ ಹೇಳುತ್ತಾನೆ: "ಒಂದರ ಮ್ಯಾಲೆ ಹೇರಿದ್ರ ಎರಡೂ ಸಾಯ್ತಾವ್ರಿ ಸಾಹೇಬ್ರ. ಹೊಸಾವು ತರೂದಾದ್ರ ಜೋಡೀನ ತರ್ರಿ."

ಆ) ರೆಸಿಸ್ಟರ್ ಹಾಕಿ ವೋಲ್ಟು ಇಳಿಸಬೇಡಿ. ಅದು ಎಷ್ಟು ಇಳಿಸುತ್ತದೆ ಎನ್ನುವುದು ಹರಿಯುವ ಆಂಪಿಯರನ್ನು ಅವಲಂಬಿಸಿದೆ. ಹಾಡಿನ ಸದ್ದು ತಗ್ಗಿಸಿದಷ್ಟೂ ಸ್ಟೀರಿಯೊಗೆ ವೋಲ್ಟು ಏರುತ್ತದೆ.

ಇ) ಭಾವ ತಂದ ಟೆಸ್ಟ್ ಲ್ಯಾಂಪನ್ನು ಟರ್ಮಿನಲ್ಲಿಗೆ ಮುಟ್ಟಿಸಬೇಡಿ. ಅದರೊಳಗಿರುವುದು 12ರ ಬಲ್ಬು. ಒಮ್ಮೆ ಫಳಕ್ಕನೆ ಬೆಳಗಿ, ಗಾಜು ಒಳಗಿನಿಂದ ಕಪ್ಪಾಗಿ ಆರುತ್ತದೆ. "ಬ್ಯಾಟರಿಯಲ್ಲಿ ಕರೆಂಟೇ ಇಲ್ಲ" ಎಂದು ಅವರು ತೀರ್ಪು ಕೊಡುತ್ತಾರೆ.

3. ಮಾಡಬೇಕಾದ್ದು

24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ತನ್ನಿ. ಅದು ಎರಡೂ ಬ್ಯಾಟರಿಯಿಂದ ಸಮನಾಗಿ ಎಳೆಯುತ್ತದೆ. ಮೊದಲು ಎಲ್ಲ ಉಪಕರಣಗಳ ವಾಟ್ ಕೂಡಿಸಿ 12ರಿಂದ ಭಾಗಿಸಿ: 60 ವಾಟ್ ಆದರೆ 5 ಆಂಪಿಯರ್. ಇದಕ್ಕೆ 10 ಆಂಪಿಯರಿನ ಕನ್ವರ್ಟರ್ ಕೊಳ್ಳಿ. ಸ್ಪೀಕರ್ ಅಲ್ಲಿಗೇ ನಿಲ್ಲುವುದಿಲ್ಲವೆಂದು ನಿಮಗೂ ಗೊತ್ತು. ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಹಾಕಿ, ಡ್ಯಾಶ್‌ಬೋರ್ಡಿನ ಬಳಿ ಹಾಕಿದರೆ ನಡುವಿನ ವೈರಿಗೆ ಕಾವಲಿಲ್ಲ. ಚಾರ್ಜರಿನ ಮೇಲೆ "12–24" ಎಂದು ಅಚ್ಚಾಗಿದ್ದರೆ ಕನ್ವರ್ಟರ್ ಬೇಡ, ನೇರವಾಗಿ ಕೂರಿಸಿ. ಒಂದೇ ವಾಟಿನ 12ರ ಎರಡು ಬಲ್ಬನ್ನು ಸಿರೀಸ್‌ನಲ್ಲಿ ಉರಿಸಬಹುದು. ಒಂದು ಹೋದರೆ ಎರಡೂ ಕತ್ತಲೆ.

4. ಗೋವಾಕ್ಕೆ ವಿಶೇಷ ಸೂಚನೆ

ಕಡಲ ಗಾಳಿ, ಮಳೆಗಾಲ ಸೇರಿ ಇಲ್ಲಿ ಮೊದಲು ತುಕ್ಕು ಹಿಡಿಯುವುದು ಅರ್ಥ್ ಪಾಯಿಂಟ್. ಲೈಟು ಮಂಕಾದರೆ ಹೊಸ ಲೈಟು ತರುವ ಮುನ್ನ ಆ ಬೋಲ್ಟು ಬಿಚ್ಚಿ, ಉಪ್ಪುಕಾಗದದಲ್ಲಿ ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ.

ಬಹು ಸ್ವರದ ಹಾರ್ನು ಕೇಂದ್ರ ಮೋಟಾರು ವಾಹನ ನಿಯಮ 119ರಂತೆ ನಿಷಿದ್ಧ. ತಯಾರಕರ ವಿವರಣೆಯನ್ನು ಮೀರಿದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಾದಿದೆ. ಇಷ್ಟೆಲ್ಲ ಕಟ್ಟಿಕೊಂಡು ದೂಧಸಾಗರಕ್ಕೆ ಹೊರಟಿರಾದರೆ: 310 ಮೀಟರ್ ಎತ್ತರದ ಆ ಜಲಪಾತದ ಕಾಡುದಾರಿಗೆ ಖಾಸಗಿ ಗಾಡಿ ಬಿಡುವುದಿಲ್ಲ. ಕುಳೆಂನಲ್ಲಿ ಇಳಿದು ಅಲ್ಲಿನ ನೋಂದಾಯಿತ ಜೀಪಿನಲ್ಲೇ ಹೊಳೆ ದಾಟಬೇಕು. ನಿಮ್ಮ ಲೈಟುಗಳು ಸಂತೆಪೇಟೆಗೆ ಸಾಕು.

5. ದೋಷ, ಕಾರಣ, ಪರಿಹಾರ

ಸ್ಟಾರ್ಟ್ ಮಾಡುವಾಗ ಹಾಡು ನಿಲ್ಲುತ್ತದೆ: ಸಹಜ. ಸ್ಟಾರ್ಟರ್ ಎಳೆದಾಗ ವೋಲ್ಟು ಕುಸಿಯುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ: ಪಕ್ಕದ ಮನೆಯ ಕಾರು 12 ವೋಲ್ಟಿನದು, ಸಾಲದು. 24 ವೋಲ್ಟಿನ ಲಾರಿಯ ಡ್ರೈವರನ್ನು ವಿನಯದಿಂದ ಕೇಳಿ.

ಪಕ್ಕದ ಮನೆಯ ಕಾರು ಸ್ಟಾರ್ಟ್ ಆಗುವುದಿಲ್ಲ: ನಿಮ್ಮ 24ನ್ನು ಕೊಡಬೇಡಿ. ಮೊದಲು ಅವರ ಎಲೆಕ್ಟ್ರಾನಿಕ್ಸ್ ಹೋಗುತ್ತದೆ, ಆಮೇಲೆ ಮಾತುಕತೆ.

6. ವಾರಂಟಿ

ಕನ್ವರ್ಟರ್ ದುಬಾರಿಯಾಯಿತು ಎಂದವರು ಅದರ ಬೆಲೆಯನ್ನು ಬ್ಯಾಟರಿ ಅಂಗಡಿಗೆ ಕಟ್ಟುತ್ತಾರೆ, ಅದೂ ಜೋಡಿ ಲೆಕ್ಕದಲ್ಲಿ. ಬಿಲ್ಲುಗಳನ್ನು ಫೈಲ್ ಮಾಡಿಡಿ. ಮುಂದೆ ಜೀಪು ಕೊಳ್ಳುವವನು ಕೈಪಿಡಿಯನ್ನು ಓದುವುದಿಲ್ಲ, ಬಿಲ್ಲನ್ನು ಓದುತ್ತಾನೆ.